ನೂರ ಹದಿನಾಲ್ಕನೆಯ ಫ್ಲಾಪಿ

ಪಂಪ ರನ್ನರನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ಕನ್ನಡ ಅಧ್ಯಾಪಕನೊಬ್ಬ ಕಂಪ್ಯೂಟರ್ ಆಟಗಳನ್ನು ಕುರಿತು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ವಿಷಯ ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, “ಏನು ಸ್ವಾಮಿ, ಮತ್ತೆ ಹುಡುಗನಾಗುವ ಹಂಬಲವೇ?” ಎಂದು ನಕ್ಕರು. ಹಂಬಲವೇನೋ ಉಂಟು. ಆದರೆ ಅದು ಯಾವುದರ ಹಂಬಲ ಎಂಬುದನ್ನು ನಾನು ಈಚಿನವರೆಗೂ ತಪ್ಪಾಗಿ ತಿಳಿದಿದ್ದೆ. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆಂದೇ ಈ ಬರಹ.

೧೯೯೫ರ ಬೇಸಗೆ; ನನಗೆ ಆಗ ಹದಿನೈದು ವರ್ಷ. ಗೋಕುಲಂ ಆಗ ಇಂದಿನಂತಿರಲಿಲ್ಲ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರದಿಂದ ಇಲ್ಲಿಗೆ ಬರಲು ಇನ್ನೂ ಏಳು ವರ್ಷವಿದ್ದಿತು. ಚಾಪೆ ಸುತ್ತಿಕೊಂಡು ಓಡಾಡುವ ವಿದೇಶೀಯರ ಸುಳಿವಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕಾಂಟೂರ್ ರಸ್ತೆಯಲ್ಲಿ ನಿಂತರೆ ಒಂದು ಸೈಕಲ್ಲಿನ ಗಂಟೆಯೂ ದೂರಕ್ಕೆ ಕೇಳುತ್ತಿತ್ತು. ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ನನ್ನ ಗೆಳೆಯನ ಮನೆ. ಅವನ ತಂದೆ ಎಂಜಿನಿಯರು. ಅವರ ಮನೆಯಲ್ಲಿ ಒಂದು ಕಂಪ್ಯೂಟರಿದ್ದಿತು. ದೇವರ ಮನೆಗೆ ಹೋಗುವಾಗ ಮರೆತರೂ ಆ ಕೋಣೆಗೆ ಹೋಗುವಾಗ ಚಪ್ಪಲಿ ಬಿಡುವುದನ್ನು ನಾವು ಮರೆಯುತ್ತಿರಲಿಲ್ಲ. ಯಂತ್ರಕ್ಕೆ ಧೂಳು ಸೋಕದಂತೆ ಅವನ ತಾಯಿ ಕಸೂತಿಯ ಬಟ್ಟೆ ಹೊದಿಸಿದ್ದರು.

ಬೆಂಗಳೂರಿನ ಯಾರದೋ ಮುಖಾಂತರ ನಾಲ್ಕು ಫ್ಲಾಪಿಗಳಲ್ಲಿ ಒಂದು ಆಟ ಆ ಮನೆಗೆ ಬಂದಿತು. ಹೆಸರು ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆ ೧೯೯೦ರಲ್ಲಿ ಹೊರತಂದದ್ದು; ಮುಖ್ಯ ಕರ್ತೃ ರಾನ್ ಗಿಲ್ಬರ್ಟ್, ಜೊತೆಗೆ ಬರೆದವರು ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್. ಗೈಬ್ರಷ್ ತ್ರೀಪ್‌ವುಡ್ ಎಂಬ ಪೆದ್ದು ಹುಡುಗ ಕಡಲ್ಗಳ್ಳನಾಗಬೇಕೆಂದು ಒಂದು ದ್ವೀಪಕ್ಕೆ ಬರುವುದೇ ಕಥೆಯ ಆರಂಭ. ಕಡಲ್ಗಳ್ಳರ ಆ ಕಥೆ ನಮ್ಮ ಕೈಸೇರಿದುದೂ ಕಳ್ಳಪ್ರತಿಯ ರೂಪದಲ್ಲಿಯೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ವಿಧಿಯಿಲ್ಲ.

ಈ ಜಾತಿಯ ಆಟದಲ್ಲಿ ಓಟವಿಲ್ಲ, ಗುಂಡು ಹಾರಿಸುವುದಿಲ್ಲ. ತೆರೆಯ ಮೇಲ್ಭಾಗದಲ್ಲಿ ಒಂದು ಚಿತ್ರ. ಕೆಳಗೆ ಕೆಲವೇ ಕ್ರಿಯಾಪದಗಳು: ತೆರೆ, ಮುಚ್ಚು, ತಳ್ಳು, ಎಳೆ, ಕೊಡು, ತೆಗೆದುಕೊ, ನೋಡು, ಮಾತನಾಡು, ಬಳಸು ಇತ್ಯಾದಿ. ಮೌಸಿನಿಂದ ಒಂದು ಕ್ರಿಯಾಪದವನ್ನು ಒತ್ತಿ, ಬಳಿಕ ಚಿತ್ರದೊಳಗಿನ ಒಂದು ವಸ್ತುವನ್ನು ಒತ್ತಿದರೆ ವಾಕ್ಯ ಪೂರ್ಣವಾಗುತ್ತದೆ. ವಾಕ್ಯ ಪೂರ್ಣವಾದರೆ ಕೆಲಸ ನಡೆಯುತ್ತದೆ. ಇದಕ್ಕೂ ಹಿಂದಿನ ಆಟಗಳಲ್ಲಿ ಆಡುವವನೇ ಪದಗಳನ್ನು ಬೆರಳಚ್ಚು ಮಾಡಬೇಕಾಗಿತ್ತು. ಯಂತ್ರಕ್ಕೆ ಯಾವ ಪದ ಗೊತ್ತು, ಯಾವುದು ಗೊತ್ತಿಲ್ಲ ಎಂದು ತಡಕಾಡುವುದರಲ್ಲಿಯೇ ಅರ್ಧ ಆಯುಷ್ಯ ಕಳೆಯುತ್ತಿತ್ತು. ೧೯೮೭ರ ‘ಮೇನಿಯಾಕ್ ಮ್ಯಾನ್ಷನ್’ ಎಂಬ ಆಟದಲ್ಲಿ ಗಿಲ್ಬರ್ಟ್ ಮತ್ತು ಅವನ ಸಂಗಡಿಗರು ಪದಗಳನ್ನು ತೆರೆಯ ಮೇಲೆಯೇ ಬರೆದಿಟ್ಟು ಆ ತಾಪತ್ರಯವನ್ನು ತಪ್ಪಿಸಿದರು. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಮೊದಲು, ಕರ್ಮಪದ ಆಮೇಲೆ, ಕನ್ನಡದಲ್ಲಿ ತಿರುವುಮುರುವು. ‘ಬಳಸು’ ಎಂಬುದನ್ನು ಒತ್ತಿಟ್ಟುಕೊಂಡು ‘ಏನನ್ನು?’ ಎಂದು ಯೋಚಿಸುತ್ತಾ ನಾವಿಬ್ಬರೂ ಆ ಬೇಸಗೆಯನ್ನೆಲ್ಲ ಕಳೆದೆವು.

ಸಿಕ್ಕಿಬಿದ್ದುದು ಒಂದು ಕೋಳಿಯ ಬಳಿ. ಮಾಟಗಾತಿಯೊಬ್ಬಳ ಮನೆಯಲ್ಲಿ ನಾಯಕನಿಗೆ ಒಂದು ರಬ್ಬರಿನ ಕೋಳಿ ಸಿಗುತ್ತದೆ. ಅದರ ನಡುವೆ ಒಂದು ರಾಟೆ. ಇದರಿಂದ ಏನು ಪ್ರಯೋಜನವೆಂದು ನಮಗೆ ಐದಾರು ದಿನ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ನಮ್ಮ ಮನೆಯ ತಾರಸಿಯ ಮೇಲೆ ಹಪ್ಪಳ ಒಣಹಾಕಿ, ಕಾಗೆ ಓಡಿಸಲು ನಮ್ಮಿಬ್ಬರನ್ನೂ ಕೂರಿಸಿದ್ದರು. ನಮ್ಮ ಚರ್ಚೆಯನ್ನು ಕೇಳುತ್ತಾ ಹಪ್ಪಳ ಮಗುಚುತ್ತಿದ್ದ ನಮ್ಮ ಅಜ್ಜಿ ಕೇಳಿದರು: “ಏನ್ರೋ ಅದು, ಎರಡು ದಿವಸದಿಂದ ಕೋಳಿ ಕೋಳಿ ಅಂತಿದೀರಿ?” ಹೇಳಿದೆವು. ಅಜ್ಜಿ ನಂಜನಗೂಡಿನ ಕಡೆಯ ಹಳ್ಳಿಯವರು; ಅರವತ್ತು ವರ್ಷ ಬಾವಿಯಿಂದ ನೀರು ಸೇದಿದವರು. ಕೋಳಿಯ ವಿಷಯವನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. “ರಾಟೆ ಇದೆ ಅಂದ್ಮೇಲೆ ಎಲ್ಲೋ ಹಗ್ಗ ಇರ್ಲೇಬೇಕು ಕಣ್ರೋ. ಬರೀ ರಾಟೆ ಇಟ್ಕೊಂಡು ಯಾರಾದ್ರೂ ಏನ್ ಮಾಡ್ತಾರೆ?” ಎಂದರು.

ಹಗ್ಗವಿತ್ತು! ದ್ವೀಪದ ಬಂಡೆಯ ಅಂಚಿನಿಂದ ಎದುರಿನ ಚಿಕ್ಕ ನಡುಗಡ್ಡೆಗೆ ಕಟ್ಟಿದ ತಂತಿಯನ್ನು ನಾವು ವಾರದ ಹಿಂದೆಯೇ ನೋಡಿ ಮರೆತಿದ್ದೆವು. ರಾಟೆಯನ್ನು ತಂತಿಗೆ ಸಿಕ್ಕಿಸಿ, ಕೋಳಿಯನ್ನು ಹಿಡಿದು ಜಾರಿಕೊಂಡು ಹೋಗಬೇಕು. ನಾವು ಹಪ್ಪಳವನ್ನು ಕಾಗೆಗಳಿಗೆ ಒಪ್ಪಿಸಿ ಓಡಿದೆವು. ಸಂಜೆ ಆದ ಪೂಜೆಯನ್ನು ವರ್ಣಿಸಬೇಕಾಗಿಲ್ಲ.

ಇಂಗ್ಲಿಷಿನ ಗಂಧವಿಲ್ಲದ ಅಜ್ಜಿಗೆ ಅಮೆರಿಕದ ಒಗಟು ಹೇಗೆ ಒಡೆಯಿತು? ಆ ಒಗಟು ಇದ್ದುದು ಭಾಷೆಯಲ್ಲಲ್ಲ, ವಸ್ತುವಿನಲ್ಲಿ. ರಾಟೆ ಎಲ್ಲಿದ್ದರೂ ರಾಟೆಯೇ. ಅಲ್ಲದೆ ಅಜ್ಜಿ ಒಗಟಿನ ಮರ್ಮವನ್ನು ಬಲ್ಲವರು. ರಜದ ರಾತ್ರಿಗಳಲ್ಲಿ ಅವರು ಒಗಟು ಹೇಳುತ್ತಿದ್ದರು; ಬಿಡಿಸಲಾರದೆ ಸೋತವರು ಅವರಿಗೆ ಒಂದು ಊರನ್ನು ಕೊಡಬೇಕು. ನಾನು ಮೈಸೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನೆಲ್ಲ ಕಳೆದುಕೊಂಡು ದಿವಾಳಿಯಾಗಿದ್ದೆ. ಆದರೆ ಸುಮ್ಮನೆ ಸೋಲಲು ಅವರು ಬಿಡುತ್ತಿರಲಿಲ್ಲ. ಮಗುವಿನ ಮುಖ ಬಾಡಿತೋ, ಒಂದು ಸುಳಿವು ಕೊಡುತ್ತಿದ್ದರು. ತುಂಬ ಸುಲಭವಾಯಿತೋ, ಮಾತನ್ನು ಕೊಂಚ ತಿರುಚುತ್ತಿದ್ದರು. ಒಗಟು ಹೇಳುವವರಿಗೆ ಎದುರಿನ ಮುಖ ಕಾಣುತ್ತಿರಬೇಕು, ನ್ಯಾಯವೆಲ್ಲ ಅಲ್ಲಿದೆ.

ಆಟವನ್ನು ರಚಿಸುವವನಿಗೆ ಈ ಸೌಕರ್ಯವಿಲ್ಲ. ಅವನು ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಒಗಟು ಕಟ್ಟುತ್ತಾನೆ; ಗೋಕುಲಂನ ಹುಡುಗರ ಮುಖ ಅವನಿಗೆ ಕಾಣುವುದಿಲ್ಲ. ಆದುದರಿಂದ ಅಜ್ಜಿ ಮುಖ ನೋಡಿ ಕೊಡುತ್ತಿದ್ದ ಸುಳಿವನ್ನೆಲ್ಲ ಅವನು ಮುಂಚಿತವಾಗಿಯೇ ಆಟದ ವಸ್ತುಗಳಲ್ಲಿ, ಮಾತುಗಳಲ್ಲಿ ಹುದುಗಿಸಿಡಬೇಕಾಗುತ್ತದೆ. ಒಗಟಿನ ರಚನೆಯೆಂಬ ವಿದ್ಯೆಯ ತಿರುಳು ಇಷ್ಟೇ ಎಂದು ನನಗೆ ತೋರುತ್ತದೆ.

ಎಲ್ಲರೂ ಹೀಗೆ ಮಾಡಲಿಲ್ಲ. ಸಿಯೆರಾ ಎಂಬ ಇನ್ನೊಂದು ಅಮೆರಿಕನ್ ಸಂಸ್ಥೆ ೧೯೮೪ರಿಂದ ‘ಕಿಂಗ್ಸ್ ಕ್ವೆಸ್ಟ್’ ಎಂಬ ಆಟಗಳ ಮಾಲೆಯನ್ನು ಹೊರತಂದಿತು. ಕರ್ತೃ ರಾಬರ್ಟಾ ವಿಲಿಯಮ್ಸ್. ಈ ಜಾತಿಯ ಆಟಗಳಿಗೆ ಚಿತ್ರದ ಲೋಕವನ್ನು ಕೊಟ್ಟ ದೊಡ್ಡ ಕಲ್ಪಕಿ ಆಕೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಯ ಒಗಟುಗಳು ನಿಷ್ಕರುಣಿ. ಮೊದಲ ಆಟದಲ್ಲಿ ಒಬ್ಬ ಕುಳ್ಳನ ಹೆಸರನ್ನು ಊಹಿಸಬೇಕು. ಅದು ಯೂರೋಪಿನ ಮಕ್ಕಳಿಗೆ ಗೊತ್ತಿರುವ ಕಥೆಯೊಂದರ ಹೆಸರು. ‘ಹಿಂದುಮುಂದಾಗಿ ಯೋಚಿಸುವುದು ಲೇಸು’ ಎಂಬರ್ಥದ ಸುಳಿವೂ ಇದೆ. ಆದರೆ ಹೆಸರನ್ನು ಹಿಂದಿನಿಂದ ಬರೆದರೆ ಸಾಲದು. ಅಕ್ಷರಮಾಲೆಯನ್ನೇ ತಿರುವಿಹಾಕಿ, ಮೊದಲ ಅಕ್ಷರಕ್ಕೆ ಬದಲಾಗಿ ಕೊನೆಯದನ್ನು ಇಡುತ್ತಾ ಬರೆಯಬೇಕು! ೧೯೯೦ರಲ್ಲಿ ಬಂದ ಐದನೆಯ ಆಟದಲ್ಲಿ ನಾಯಕನ ಬಳಿ ಸಿಹಿಯಾದ ಒಂದು ತಿಂಡಿ ಇರುತ್ತದೆ. ಹಸಿದಾಗ ಅವನು ಅದನ್ನು ತಿಂದರೆ ಆಟ ಏನೂ ಹೇಳುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಿಮದ ರಾಕ್ಷಸನೊಬ್ಬ ಅಡ್ಡಬಂದಾಗ ಅವನ ಮುಖಕ್ಕೆ ಎರಚಲು ಆ ತಿಂಡಿಯೇ ಬೇಕಾಗಿತ್ತೆಂದು ತಿಳಿಯುತ್ತದೆ. ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ; ಮತ್ತೆ ಹಿಂದಕ್ಕೆ ಹೋಗಬೇಕು. ಇದು ಒಗಟಲ್ಲ, ಹೊಂಚು.

ಗಿಲ್ಬರ್ಟ್ ೧೯೮೯ರಲ್ಲಿ ಇಂಥ ಆಟಗಳ ದೋಷಗಳನ್ನು ಕುರಿತು ಒಂದು ಪ್ರಬಂಧವನ್ನೇ ಬರೆದ. ಅವನ ಮಾತಿನ ಸಾರ ಇಷ್ಟು: ಆಡುವವನಿಗೆ ಗುರಿ ಸ್ಪಷ್ಟವಿರಬೇಕು, ಒಂದು ವಸ್ತುವನ್ನು ತರಲು ಮರೆತುದಕ್ಕಾಗಿ ದಾರಿ ಶಾಶ್ವತವಾಗಿ ಮುಚ್ಚಿಹೋಗಬಾರದು, ಸತ್ತು ಸತ್ತು ಕಲಿಯುವಂತಾಗಬಾರದು, ಕಂದಕ ಮೊದಲು ಕಾಣಬೇಕು, ಹಗ್ಗ ಆಮೇಲೆ ಸಿಗಬೇಕು. ಈ ಕೊನೆಯ ಮಾತು ಮುಖ್ಯವಾದುದು. ಬೀಗವನ್ನು ಕಂಡವನಿಗೆ ಬೀಗದ ಕೈ ಸಿಕ್ಕಿದಾಗ ಆಗುವ ಆನಂದ, ಬೀಗವನ್ನೇ ಕಾಣದವನಿಗೆ ಆಗಲಾರದು. ನಮ್ಮ ಅಲಂಕಾರ ಶಾಸ್ತ್ರದವರಾಗಿದ್ದರೆ ಇದನ್ನು ಆಕಾಂಕ್ಷೆ ಎನ್ನುತ್ತಿದ್ದರೇನೋ.

ಆದರೆ ಗಿಲ್ಬರ್ಟನೂ ಎಡವಿದ. ೧೯೯೧ರಲ್ಲಿ ಬಂದ ಎರಡನೆಯ ಭಾಗದಲ್ಲಿ ಒಂದು ಜಲಪಾತವನ್ನು ನಿಲ್ಲಿಸಬೇಕು. ಅದಕ್ಕೆ ಒಂದು ಪಂಪಿನ ತಿರುಪನ್ನು ತಿರುಗಿಸಬೇಕು. ಬೇರೊಂದು ದ್ವೀಪದ ಹೆಂಡದಂಗಡಿಯಲ್ಲಿ ಒಂದು ಕೋತಿ ಪಿಯಾನೊ ನುಡಿಸುತ್ತಾ ಕುಳಿತಿದೆ. ಅದನ್ನು ಮಂಕುಗವಿಸಿ ಎತ್ತಿಕೊಂಡು ಬಂದು ಪಂಪಿಗೆ ಸಿಕ್ಕಿಸಿ ತಿರುಗಿಸಬೇಕು! ಏಕೆಂದರೆ ಅಮೆರಿಕದಲ್ಲಿ ಒಂದು ಬಗೆಯ ಸ್ಪ್ಯಾನರನ್ನು ‘ಮಂಕಿ ರೆಂಚ್’ ಎನ್ನುತ್ತಾರೆ. ಆ ಪದ ಇಂಗ್ಲೆಂಡಿನವರಿಗೇ ಮನೆಮಾತಲ್ಲ. ಮೈಸೂರಿನ ನಲ್ಲಿ ರಿಪೇರಿಯವರಿಗೆ ಎಲ್ಲಿಂದ ಬರಬೇಕು? ಇದು ವಸ್ತುವಿನ ಒಗಟಲ್ಲ, ಪದದ ಒಗಟು. ಭಾಷೆಯ ಹೊರಗೆ ನಿಂತವನಿಗೆ ಅಲ್ಲಿ ಬಾಗಿಲೇ ಇಲ್ಲ. ಕನ್ನಡದಲ್ಲಿ ಬಂದೂಕಿನ ಒಂದು ಭಾಗಕ್ಕೆ ಕುದುರೆ ಎಂದು ಹೆಸರಿದೆಯಷ್ಟೆ. ನಾಳೆ ಕನ್ನಡಿಗನೊಬ್ಬ ಆಟ ರಚಿಸಿ, ಮುರಿದ ಬಂದೂಕಿಗೆ ಚದುರಂಗದ ಕುದುರೆಯನ್ನು ತಂದು ಸಿಕ್ಕಿಸು ಎಂದರೆ, ಪಾಪ, ಆ ಗಿಲ್ಬರ್ಟ್ ಮಹಾಶಯ ಏನು ಮಾಡಬೇಕು?

ಪದದ್ದೂ ಅಲ್ಲದ, ವಸ್ತುವಿನದೂ ಅಲ್ಲದ ಒಗಟುಗಳೂ ಉಂಟು. ೧೯೯೯ರ ‘ಗೇಬ್ರಿಯಲ್ ನೈಟ್’ ಮೂರನೆಯ ಆಟದಲ್ಲಿ ನಾಯಕ ಇನ್ನೊಬ್ಬನ ವೇಷ ಹಾಕಬೇಕು. ಅದಕ್ಕಾಗಿ ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿಕೊಳ್ಳುತ್ತಾನೆ. ತಮಾಷೆಯೆಂದರೆ ಆ ಇನ್ನೊಬ್ಬನಿಗೆ ಮೀಸೆಯೇ ಇಲ್ಲ. ಅವನ ಗುರುತಿನ ಚೀಟಿಯ ಚಿತ್ರಕ್ಕೂ ಮೀಸೆ ಬರೆಯಬೇಕು! ಇಂಥ ಕಡೆ ಉತ್ತರವಿರುವುದು ಲೋಕದಲ್ಲಲ್ಲ, ಕರ್ತೃವಿನ ತಲೆಯಲ್ಲಿ ಮಾತ್ರ.

ನಮ್ಮ ಮೈಸೂರಿಗೆ ಒಗಟು ಹೊಸದೇನಲ್ಲ. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ ಕಲೆಗಳ ಜೊತೆಗೆ ಹಾಸಿನ ಆಟಗಳಲ್ಲಿಯೂ ಅಂಕಿಗಳ ಚಮತ್ಕಾರದಲ್ಲಿಯೂ ಮನಸ್ಸಿಟ್ಟರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗಾಗಿ ಕೌತುಕನಿಧಿ ಎಂಬ ಭಾಗವೇ ಇದೆ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸಿ ಸುತ್ತಿಸುವ ಸಮಸ್ಯೆ ಅವರಿಗೆ ಬಲು ಪ್ರಿಯವಾದುದು. ಇದೇ ಸಮಸ್ಯೆ ಕಾಶ್ಮೀರದ ರುದ್ರಟನ ಒಂಬತ್ತನೆಯ ಶತಮಾನದ ಕಾವ್ಯಾಲಂಕಾರದಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರನೂ ಇದಕ್ಕೆ ಮನಸೋತ. ನಿಯಮವನ್ನು ಹೇಳಿಬಿಟ್ಟರೆ ಸಾಕು, ಯಾವ ದೇಶದವನಿಗೂ ಅದು ನ್ಯಾಯವಾದ ಒಗಟು. ಇನ್ನೊಂದು ಕೊನೆಯಲ್ಲಿ ಅಲ್ಲಮಪ್ರಭುವಿನ ಬೆಡಗಿನ ವಚನಗಳಿವೆ. ಅಲ್ಲಿಯ ಸಂಕೇತಗಳನ್ನು ಅರಿತ ಕೂಟಕ್ಕೆ ಅವು ಬೆಳಕು, ಹೊರಗಿನವನಿಗೆ ಕತ್ತಲೆ. ಅದಕ್ಕೆಂದೇ ಹಿಂದಿನವರು ಅವಕ್ಕೆ ಟೀಕೆಗಳನ್ನು ಬರೆದಿಟ್ಟರು. ಕೂಟ ಚದುರಿದಾಗ ಸುಳಿವು ಕೊಡಲು ಯಾರಾದರೂ ಉಳಿಯಬೇಕಲ್ಲ! ನಾನೇ ಒಮ್ಮೆ, ಪಾಠದಲ್ಲಿ ಸಂಕೇತಗಳನ್ನು ವಿವರಿಸದೆ, ಒಂದು ಬೆಡಗಿನ ವಚನವನ್ನು ಪರೀಕ್ಷೆಗೆ ಕೊಟ್ಟೆ. ತರಗತಿಯಲ್ಲಿ ಮುಕ್ಕಾಲು ಪಾಲು ಮಂದಿ ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಆ ರಾತ್ರಿ ಉತ್ತರಪತ್ರಿಕೆಗಳ ಮುಂದೆ ಕುಳಿತಾಗ ನನಗೆ ನೆನಪಾದುದು ಹಿಮದ ರಾಕ್ಷಸ ಮತ್ತು ಆ ತಿಂಡಿ.

ಪಾಠ ಹೇಳುವುದು ಹೇಗೆಂಬುದಕ್ಕೂ ಆ ಮೊದಲ ಆಟದಲ್ಲೊಂದು ಮಾದರಿಯಿದೆ. ಅಲ್ಲಿ ಕತ್ತಿವರಸೆಯನ್ನು ಗೆಲ್ಲುವುದು ತೋಳಿನಿಂದಲ್ಲ, ಬೈಗುಳದಿಂದ. ಎದುರಾಳಿ ಒಂದು ಮೂದಲೆಯ ಮಾತನ್ನೆಸೆದರೆ ತಕ್ಕ ಮಾರುತ್ತರ ಕೊಡಬೇಕು. ನಮ್ಮ ಮದುವೆ ಮನೆಗಳ ಬೀಗರ ಹಾಡಿನಂತೆ. ದಾರಿಯಲ್ಲಿ ಸಿಕ್ಕ ಕಳ್ಳರೊಡನೆ ಸೋತು ಸೋತು ಮೂದಲೆಗಳನ್ನೂ ಉತ್ತರಗಳನ್ನೂ ಸಂಗ್ರಹಿಸಿಕೊಳ್ಳಬಹುದು. ಆದರೆ ಕತ್ತಿವರಸೆಯ ಒಡತಿಯ ಮುಂದೆ ನಿಂತಾಗ ಅವಳ ಮೂದಲೆಗಳೆಲ್ಲ ಹೊಸವು. ಕಲಿತ ಹಳೆಯ ಉತ್ತರವನ್ನೇ ಹೊಸ ಪ್ರಶ್ನೆಗೆ ಒಗ್ಗಿಸಬೇಕು. ಬಾಯಿಪಾಠ ಮಾಡಿದವನು ಅಲ್ಲಿ ನಿಲ್ಲುತ್ತಾನೆ. ಅರ್ಥ ತಿಳಿದವನು ಮುಂದೆ ಹೋಗುತ್ತಾನೆ. ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆಯನ್ನು ನಾನು ಈವರೆಗೆ ತಯಾರಿಸಿಲ್ಲ.

ಈಗ ನನ್ನ ತಪ್ಪಿನ ವಿಷಯ. ಮೇ ತಿಂಗಳ ಕೊನೆಯಲ್ಲಿ ನಾನು ಒಂದು ವಾರ ಊರಿಗೆ ಹೋಗಿ ಬಂದೆ. ಅಷ್ಟರಲ್ಲಿ ಗೆಳೆಯ ಆಟದಲ್ಲಿ ನನಗಿಂತ ಮುಂದೆ ಹೋಗಿದ್ದ. ಅದೇ ಒಂದು ಉರಿ. ಕಾಡಿನ ದೃಶ್ಯದಲ್ಲಿ ಒಂದು ಮರದ ಬೊಡ್ಡೆಯಿದೆ. ನಾನು ಅದನ್ನು ನೋಡಲು ಹೊರಟಾಗ, ಅದರ ಕೆಳಗೆ ಸುರಂಗಗಳ ಜಾಲವೇ ಇದೆಯೆಂದು ನಾಯಕ ಹೇಳಿದ. ತೆರೆ ಕಪ್ಪಾಯಿತು. ಇಪ್ಪತ್ತೆರಡನೆಯ ಫ್ಲಾಪಿಯನ್ನು ಹಾಕಿ ಗುಂಡಿಯನ್ನು ಒತ್ತು ಎಂದು ಬರಹ ಮೂಡಿತು. ನಮ್ಮಲ್ಲಿದ್ದುದು ನಾಲ್ಕು. ಗುಂಡಿ ಒತ್ತಿದೆ, ಮೂವತ್ತಾರನೆಯದನ್ನು ಕೇಳಿತು. ಮತ್ತೆ ಒತ್ತಿದೆ, ನೂರ ಹದಿನಾಲ್ಕನೆಯದು!

“ಉಳಿದ ಫ್ಲಾಪಿ ಎಲ್ಲಿಟ್ಟಿದ್ದೀಯ?” ಎಂದು ಕೇಳಿದೆ. ನಾಲ್ಕೇ ಬಂದದ್ದು ಎಂದ. ಒಬ್ಬನೇ ಆಡಬೇಕೆಂದು ಬಚ್ಚಿಟ್ಟಿದ್ದೀಯೆ ಎಂದೆ. ದೇವರಾಣೆ ಇಲ್ಲವೆಂದ. ಆಗ ನಾನು ತೆರೆಯ ಕಡೆ ಕೈ ತೋರಿಸಿ ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: “ನೀನು ಸುಳ್ಳು ಹೇಳಬಹುದು, ಕಂಪ್ಯೂಟರ್ ಹೇಳುತ್ತದೆಯೆ?” ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ. ಅವನು ಎರಡು ಸಲ ನಮ್ಮ ಮನೆಗೆ ಬಂದ. ನಾನು ಮಲಗಿದ್ದೇನೆಂದು ಹೇಳಿಸಿದೆ. ಜೂನ್‌ನಲ್ಲಿ ಅವನ ತಂದೆಗೆ ವರ್ಗವಾಯಿತು. ಮನೆಯನ್ನು ಬಾಡಿಗೆಗೆ ಕೊಟ್ಟು ಅವರು ಹೊರಟುಹೋದರು.

ಆ ಆಟ ೨೦೦೯ರಲ್ಲಿ ಹೊಸ ಚಿತ್ರಗಳೊಡನೆ ಮತ್ತೆ ಹೊರಬಂದಾಗ, ಅದರ ಚರಿತ್ರೆಯನ್ನು ಓದುತ್ತಾ ನನಗೆ ನಿಜ ತಿಳಿಯಿತು. ಇಪ್ಪತ್ತೆರಡನೆಯ ಫ್ಲಾಪಿಯೂ ಇಲ್ಲ, ನೂರ ಹದಿನಾಲ್ಕನೆಯದೂ ಇಲ್ಲ. ಅದು ಕರ್ತೃಗಳು ಮಾಡಿದ ಒಂದು ಹಾಸ್ಯ! ಅಮೆರಿಕದಲ್ಲಿಯೇ ಅನೇಕರು ಅದನ್ನು ನಿಜವೆಂದು ನಂಬಿ ಸಂಸ್ಥೆಗೆ ದೂರವಾಣಿ ಮಾಡಿದರಂತೆ. ಮುಂದಿನ ಸಿ.ಡಿ. ಆವೃತ್ತಿಯಲ್ಲಿ ಅದನ್ನು ತೆಗೆದೇಹಾಕಿದರು. ಮೈಸೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ದೂರವಾಣಿ ಮಾಡುವ ಯೋಗ್ಯತೆ ನಮಗೆಲ್ಲಿತ್ತು? ಅಜ್ಜಿಯಾಗಿದ್ದರೆ ನನ್ನ ಮುಖ ಕೆಂಪಾದುದನ್ನು ಕಂಡು “ತಮಾಷೆ ಕಣೋ” ಎನ್ನುತ್ತಿದ್ದರು. ಯಂತ್ರಕ್ಕೆ ನನ್ನ ಮುಖ ಕಾಣಲಿಲ್ಲ. ನನಗಾದರೋ ಗೆಳೆಯನ ಮುಖ ಎದುರಿಗೇ ಇದ್ದಿತು, ನಾನು ನೋಡಲಿಲ್ಲ. ಅವನಿಗೊಂದು ಕಾಗದ ಬರೆಯಬೇಕೆಂದುಕೊಂಡೆ. ಬರೆಯಲಿಲ್ಲ.

ಹಳೆಯ ಆಟಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ಹಳೆಯ ಆಟಗಳನ್ನು ಇಂದಿನ ಯಂತ್ರಗಳಲ್ಲಿ ನಡೆಸುವ ಸ್ಕಮ್‌ವಿಎಂ ಎಂಬ ತಂತ್ರಾಂಶವನ್ನು ಆಸಕ್ತರು ೨೦೦೧ರಿಂದ ಬೆಳೆಸಿಕೊಂಡು ಬಂದಿದ್ದಾರೆ. ಗಿಲ್ಬರ್ಟ್ ೨೦೨೨ರಲ್ಲಿ ತನ್ನ ದ್ವೀಪಕ್ಕೆ ಮರಳಿ ಹೊಸ ಕಥೆಯೊಂದನ್ನು ಹೇಳಿದ. ಈ ಸಲ ಆಟದೊಳಗೇ ಸುಳಿವಿನ ಪುಸ್ತಕವೊಂದನ್ನು ಇಟ್ಟ. ಕೇಳಿದಷ್ಟೇ ಹೇಳುವ ಆ ಪುಸ್ತಕವನ್ನು ಕಂಡಾಗ ನನಗೆ ಅಜ್ಜಿಯ ನೆನಪಾಯಿತು. ನಮ್ಮ ವಿದ್ಯಾರ್ಥಿಗಳಾದರೋ ಫೋನಿನಲ್ಲಿ ಉತ್ತರವನ್ನು ನಿಮಿಷದಲ್ಲಿ ಹುಡುಕಿಕೊಳ್ಳುತ್ತಾರೆ. ನಮ್ಮ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ; ಸಿಗುವಂತಿದ್ದರೆ ನಾವೂ ಹುಡುಕಿಕೊಳ್ಳುತ್ತಿದ್ದೆವು. ನಾನು ಹಂಬಲಿಸಿದುದು ಆಟಕ್ಕೆ ಎಂದುಕೊಂಡಿದ್ದೆ. ಉತ್ತರ ಹೊಳೆಯದೆ ಕುಳಿತ ಆ ಐದಾರು ದಿನಗಳಿಗೆ, ಪಕ್ಕದಲ್ಲಿ ಹೊಳೆಯದೆಯೇ ಕುಳಿತಿದ್ದ ಇನ್ನೊಬ್ಬನಿಗೆ ನಾನು ಹಂಬಲಿಸುತ್ತಿದ್ದೆನೆಂದು ತಿಳಿದುದು ಆ ಮನೆಯನ್ನು ಮತ್ತೆ ಹೊಕ್ಕಾಗ.

೨೦೨೩ರ ದಸರೆಗೆ ಅವನು ಗೋಕುಲಂಗೆ ಬಂದ. ತಂದೆ ತೀರಿಕೊಂಡಿದ್ದರು, ಮನೆಯನ್ನು ಮಾರುವುದಿತ್ತು. ಸುದ್ದಿ ತಿಳಿದು ಹೋದೆ. ತಲೆ ಅರ್ಧ ನರೆತಿತ್ತು. ಖಾಲಿ ಕೋಣೆಯ ಬಾಗಿಲಲ್ಲಿ ಇಬ್ಬರೂ ಚಪ್ಪಲಿ ಬಿಟ್ಟೆವು, ಆಮೇಲೆ ನಕ್ಕೆವು. ಫ್ಲಾಪಿಯ ಮಾತನ್ನು ನಾನೇ ಎತ್ತಿದೆ. ಹದಿನಾಲ್ಕು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಹೇಳಿದೆ.

“ನನಗೆ ಆವತ್ತೇ ಗೊತ್ತಿತ್ತು” ಎಂದ. “ನೀನು ನೂರ ಹದಿನಾಲ್ಕಕ್ಕೆ ಎದ್ದು ಹೋಗಿಬಿಟ್ಟೆ. ಇನ್ನೊಂದು ಸಲ ಒತ್ತಿದ್ದರೆ ನಿನಗೂ ಗೊತ್ತಾಗುತ್ತಿತ್ತು. ಅದನ್ನು ಹೇಳುವುದಕ್ಕೇ ಎರಡು ಸಲ ಬಂದಿದ್ದೆ.”

ಅವನ ಲ್ಯಾಪ್‌ಟಾಪಿನಲ್ಲಿ ಹಳೆಯ ಆವೃತ್ತಿಯಿತ್ತು. ನೆಲದ ಮೇಲೆ ಕುಳಿತು ಕಾಡಿಗೆ ಹೋದೆವು, ಬೊಡ್ಡೆಯನ್ನು ಹುಡುಕಿದೆವು. ಇಪ್ಪತ್ತೆರಡು, ಮೂವತ್ತಾರು, ನೂರ ಹದಿನಾಲ್ಕು. ಈ ಸಲ ಮತ್ತೊಮ್ಮೆ ಗುಂಡಿಯನ್ನು ಒತ್ತಿದೆ. ತೆರೆಯ ಮೇಲೆ ಕಾಡು ಮರಳಿ ಬಂದಿತು. ಆಟದ ಈ ಭಾಗವನ್ನು ಬಿಟ್ಟೇ ಮುಂದೆ ಹೋಗಬೇಕಾಗಿದೆ ಎಂದು ನಾಯಕ ಪೆಚ್ಚಾಗಿ ಹೇಳಿದ.

“ಅಜ್ಜಿ ಇದ್ದಿದ್ದರೆ ನಿನ್ನಿಂದ ಇನ್ನೊಂದು ಊರು ಕಿತ್ತುಕೊಳ್ಳುತ್ತಿದ್ದರು” ಎಂದ ಗೆಳೆಯ.

ಕೊಡಲು ನನ್ನಲ್ಲಿ ಉಳಿದಿದ್ದುದು ಗೋಕುಲಂ ಒಂದೇ.